ಹದಿನೆಂಟು ಸಾವಿರ ಮೈಲಿಯೊಳಗೆ

ವಿನೆಟ್, ಮೊಂಟಾನಾ
ನವೆಂಬರ್ 14, 2022

ಸರ್ವೀಸ್ ವಿಭಾಗ,
ಟಾಲ್ಮನ್ ಮೋಟರ್ಸ್, ಬಿಲ್ಲಿಂಗ್ಸ್

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಸಂಗೀತ ಕೇಳಿಸಿತು, ಮನುಷ್ಯರು ಸಿಗಲಿಲ್ಲ. "ಬರೆದು ಹಾಕು ಆಲ್ವಿ. ಕಾಗದಾನ ಯಾರೂ ಕಾಯಿಸೋಕಾಗಲ್ಲ" ಎಂದ ನನ್ನ ಗಂಡ. ಅದಕ್ಕೇ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ನಿಮ್ಮಲ್ಲಿ ಹೊಸ ಕಾರು ತೆಗೆದುಕೊಂಡೆವು. ನೀಲಿಯದು. ನನ್ನ ಗಂಡ ಲೈಲ್‌ಗೆ ಎರಡೂ ಕಿಡ್ನಿ ಹೋಗಿವೆ. ಆಗಸ್ಟ್‌ನಿಂದ ಸೋಮವಾರ, ಬುಧವಾರ, ಶುಕ್ರವಾರ ನಿಮ್ಮ ಊರಿಗೆ ಕರೆತಂದು ಡಯಾಲಿಸಿಸ್ ಮಾಡಿಸುತ್ತಿದ್ದೇನೆ. ಬರಲು ನೂರು ಮೈಲಿ, ಹೋಗಲು ನೂರು. ಹಳೆಯ ಪಿಕಪ್ ಇಷ್ಟು ಓಡಾಟ ತಾಳುವುದಿಲ್ಲವೆಂದೇ ಅದನ್ನು ನಿಮಗೇ ಕೊಟ್ಟು ಇದನ್ನು ಕೊಂಡದ್ದು.

ಚಳಿ ಹಿಡಿದಾಗಿನಿಂದ ಕಾರು ದಾರಿಯಲ್ಲಿ ನಿಲ್ಲುತ್ತಿದೆ. ಒಂದು ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಎಂಜಿನ್ ತಾನಾಗಿ ಬಂದ್ ಆಗುತ್ತದೆ. ಮುಂದೆ ಯಾವ ದೀಪವೂ ಹೊತ್ತಿಕೊಳ್ಳುವುದಿಲ್ಲ, ಸದ್ದೂ ಇಲ್ಲ. ಅರ್ಧ ಗಂಟೆ ಸುಮ್ಮನಿದ್ದರೆ ಮತ್ತೆ ಹೊರಡುತ್ತದೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಅದನ್ನು ನೋಡಿ ಹೇಳುವುದಾದರೆ ಅಕ್ಟೋಬರ್ 10ಕ್ಕೆ ಒಮ್ಮೆ, ನವೆಂಬರ್ 4ಕ್ಕೆ ಒಮ್ಮೆ, ಮೊನ್ನೆ 9ಕ್ಕೆ ರೌಂಡಪ್ ಊರು ದಾಟಿದ ಮೇಲೆ ಒಮ್ಮೆ ನಿಂತಿದೆ. ಅಕ್ಟೋಬರ್ 12ಕ್ಕೆ ನಿಮ್ಮಲ್ಲಿ ತೋರಿಸಿದ್ದೆ. ಏನೂ ಕಾಣಲಿಲ್ಲ ಎಂದಿರಿ.

ಲೈಲ್ ಡಯಾಲಿಸಿಸ್ ಕುರ್ಚಿಯಲ್ಲಿರುವ ನಾಲ್ಕು ಗಂಟೆ ಕಾರು ನಿಮ್ಮಲ್ಲಿ ಬಿಡಬಹುದು. ಬುಧವಾರ ಬರುತ್ತೇನೆ. ಈಗ 11,860 ಮೈಲಿ ಓಡಿದೆ. ನಿಮಗೆ ಬಿಡುವಿದ್ದಾಗ ನೋಡಿದರೆ ಸಾಕು.

ನಿಮ್ಮ,
ಆಲ್ವಿನಾ ಥೋರ್ಸ್ಟಾಡ್


ಬಿಲ್ಲಿಂಗ್ಸ್
ನವೆಂಬರ್ 22, 2022

ಶ್ರೀಮತಿ ಥೋರ್ಸ್ಟಾಡ್ ಅವರಿಗೆ,

ನಮ್ಮ ಸಂಸ್ಥೆಯಲ್ಲಿ ನೀವು ಇಟ್ಟಿರುವ ವಿಶ್ವಾಸಕ್ಕೆ ಧನ್ಯವಾದಗಳು. ದಿನಾಂಕ 16ರಂದು ತಾವು ತಂದ ವಾಹನವನ್ನು ನಮ್ಮ ಮೆಕ್ಯಾನಿಕ್ ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸಿದ್ದಾರೆ, ಎಂಟು ಮೈಲಿ ಓಡಿಸಿಯೂ ನೋಡಿದ್ದಾರೆ. ದೋಷ ಕಂಡುಬಂದಿಲ್ಲ. ದೋಷ ಕಂಡುಬಾರದೆ ವಾರಂಟಿಯಲ್ಲಿ ಯಾವ ಭಾಗವನ್ನೂ ಬದಲಿಸಲು ಅವಕಾಶವಿಲ್ಲ. ಬದಲಿ ಕಾರನ್ನೂ ದೋಷ ದೃಢಪಟ್ಟ ಮೇಲಷ್ಟೇ ಕೊಡಲಾಗುತ್ತದೆ.

ತೊಂದರೆ ಮತ್ತೆ ಕಂಡುಬಂದಲ್ಲಿ ದಯವಿಟ್ಟು ಭೇಟಿ ನೀಡಿ.

ತಮ್ಮ ವಿಶ್ವಾಸಿ,
ರೋಲಂಡ್ ಪೆಲ್ಕಿ
ಸರ್ವೀಸ್ ಅಡ್ವೈಸರ್


ವಿನೆಟ್
ಡಿಸೆಂಬರ್ 5, 2022

ಪೆಲ್ಕಿ ಅವರೇ,

ಕಳೆದ ಬುಧವಾರ, 30ಕ್ಕೆ, ನೀವು ಮಾಡಿದ ಉಪಕಾರಕ್ಕೆ ಥ್ಯಾಂಕ್ಸ್ ಹೇಳಲು ಬರೆಯುತ್ತಿದ್ದೇನೆ. ನಿಮ್ಮ ಕೌಂಟರಿನ ಮುಂದೆ ಅಷ್ಟು ಜನ ಇದ್ದರು. ಆದರೂ ನನ್ನನ್ನು ನೋಡಿ ಎದ್ದು ಬಂದಿರಿ. "ಮತ್ತೆ ಜಾಬ್ ಕಾರ್ಡ್ ಎಲ್ಲಾ ಯಾಕೆ ಮೇಡಂ, ಅದನ್ನ ತುಂಬ್ಸೋಕೇ ಅರ್ಧ ಗಂಟೆ. ಕೀ ಕೊಡಿ, ಮೆಕ್ಯಾನಿಕ್ ಟಾಡ್ ಊಟದ ಹೊತ್ತಲ್ಲಿ ನೋಡ್ತಾನೆ" ಎಂದಿರಿ. ಇಷ್ಟು ದೊಡ್ಡ ಜಾಗದಲ್ಲಿ ಹೀಗೆ ಮನೆಯವರಂತೆ ನೋಡುವವರು ಸಿಗುತ್ತಾರೆ ಅಂದುಕೊಂಡಿರಲಿಲ್ಲ. ಜೊತೆಗೆ ಕಳಿಸಿರುವ ಜಾಮ್ ನಮ್ಮ ಹಿತ್ತಲ ಕಾಡುಚೆರಿಯದು. ಟಾಡ್‌ಗೂ ಕೊಡಿ.

ಲೈಲ್‌ಗೆ ಹೇಳಿದಾಗ ಅವನು ನಕ್ಕ. "ಅವರ ಗ್ಯಾರೇಜಲ್ಲಿ ಹೀಟರ್ ಇದೆ ಕಣೆ. ಅಂಥಾ ಕಡೆ ನಿಲ್ಲಿಸಿದ್ರೆ ನಾನೂ ದೋಷ ತೋರ್ಸಲ್ಲ" ಎಂದ. ತಮಾಷೆಗೆ ಹೇಳಿದ್ದಾದರೂ ನನಗೆ ಅದು ಸರಿ ಅನ್ನಿಸಿತು. ಕಾರನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಕಾಣಬಹುದೇನೋ. ನಿಮ್ಮ ಕೆಲಸ ನಿಮಗೆ ಗೊತ್ತು, ನಾನು ಶಾಲೆಯಲ್ಲಿ ಅಡುಗೆ ಮಾಡುವವಳು.

ಶುಕ್ರವಾರ ಮತ್ತೆ ನಿಂತಿತು. ಜಾಸ್ತಿ ಹೊತ್ತೇನಲ್ಲ.

ಆಲ್ವಿನಾ ಥೋರ್ಸ್ಟಾಡ್


ಬಿಲ್ಲಿಂಗ್ಸ್
ಡಿಸೆಂಬರ್ 15, 2022

ಶ್ರೀಮತಿ ಥೋರ್ಸ್ಟಾಡ್ ಅವರೇ,

ಜಾಮ್ ಮೂರೇ ದಿನಕ್ಕೆ ಮುಗಿಯಿತು. ಟಾಡ್ ಬಾಟಲಿಯೊಳಗೆ ಬ್ರೆಡ್ ಹಾಕಿ ಒರೆಸಿದ.

ನಿನ್ನೆ ನೀವು ಕಾರು ಬಿಟ್ಟಾಗ ಅವನು ಒಂದು ವೈರು ಸಡಿಲವಿದ್ದ ಹಾಗೆ ಕಂಡಿತೆಂದು ಬಿಗಿ ಮಾಡಿದ್ದಾನೆ. ನಮ್ಮ ನಮ್ಮಲ್ಲೇ ಮಾಡಿದ ಕೆಲಸ, ಕಾಗದಕ್ಕೆ ಹಾಕಿಲ್ಲ. ಇನ್ನು ತೊಂದರೆ ಇರಲಿಕ್ಕಿಲ್ಲ. ಹೊರಗೆ ನಿಲ್ಲಿಸಿ ನೋಡುವ ನಿಮ್ಮ ಮಾತು ಸರಿಯೇ. ಆದರೆ ಗ್ರಾಹಕರ ಗಾಡಿ ರಾತ್ರಿ ಒಳಗೇ ಇರಬೇಕೆಂದು ಮ್ಯಾನೇಜರ್ ಕ್ರೆಬ್ಸ್ ಅವರ ನಿಯಮ. ಮೂರು ದಿನ ಬಿಟ್ಟರೆ ಏನಾದರೂ ಮಾಡಬಹುದು. ನಿಮಗೆ ಅದು ಆಗುವುದಿಲ್ಲ, ಗೊತ್ತು.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸಿ. ಕ್ರಿಸ್‌ಮಸ್ ಶುಭಾಶಯಗಳು.

ರೋಲಂಡ್ ಪೆಲ್ಕಿ


ವಿನೆಟ್
ಡಿಸೆಂಬರ್ 27, 2022

ಪೆಲ್ಕಿ ಅವರೇ, ಮತ್ತು ಸರ್ವೀಸ್ ಮ್ಯಾನೇಜರ್ ಅವರೇ,

ಶುಕ್ರವಾರ, 23ರಂದು, ಬೆಳಿಗ್ಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿತ್ತು. ಗ್ರಾಸ್ ರೇಂಜ್ ತಿರುವು ದಾಟಿ ಹದಿನೆಂಟನೇ ಮೈಲಿಯಲ್ಲಿ ಎಂಜಿನ್ ಬಂದ್ ಆಯಿತು. ಅಲ್ಲಿ ಫೋನ್ ಸಿಗುವುದಿಲ್ಲ, ಒಂದು ಮನೆಯೂ ಇಲ್ಲ. ಕಂಬಳಿ ಎರಡನ್ನೂ ಲೈಲ್‌ಗೆ ಹೊದಿಸಿದೆ. ಹತ್ತೇ ನಿಮಿಷಕ್ಕೆ ಗಾಜಿನ ಒಳಗೆಲ್ಲ ನಮ್ಮ ಉಸಿರು ಹಿಮ ಕಟ್ಟಿತು. ಅವನು ಮಾತಾಡುತ್ತಲೇ ಇದ್ದ. ಮದುವೆಯಾದ ಹೊಸದರಲ್ಲಿ ನಾನು ಉಪ್ಪಿನ ಬದಲು ಸೋಡಾ ಹಾಕಿದ ಸೂಪಿನ ಕಥೆ. ನಾನು ನಿದ್ದೆ ಹೋಗಬಾರದೆಂದು ಅವನಿಗೆ ಆಸೆ, ಅವನು ನಿದ್ದೆ ಹೋಗಬಾರದೆಂದು ನನಗೆ. ಐವತ್ತು ನಿಮಿಷವಾದ ಮೇಲೆ ದನ ಸಾಗಿಸುವ ಲಾರಿಯೊಂದು ಬಂತು. ಅವತ್ತಿನ ಡಯಾಲಿಸಿಸ್ ತಪ್ಪಿತು. ಸೋಮವಾರದ ಹೊತ್ತಿಗೆ ಅವನ ಕಾಲು ಊದಿ ಬೂಟು ಹಾಕಲಾಗದೆ, ಚೀಲ ಸುತ್ತಿಕೊಂಡು ಬಂದ.

ಹಿಂದೆ "ಜಾಸ್ತಿ ಹೊತ್ತೇನಲ್ಲ" ಎಂದು ಬರೆದಿದ್ದೆ. ಅವತ್ತು ನಲವತ್ತು ನಿಮಿಷ ನಿಂತಿದ್ದೆವು. ನಾನು ಹಾಗೆ ಬರೆಯಬಾರದಿತ್ತು.

ಡಯಾಲಿಸಿಸ್ ಕೇಂದ್ರದಲ್ಲಿ ತಾಯಿಯನ್ನು ಕರೆತರುವ ಹೆಂಗಸೊಬ್ಬಳು ಒಂದು ವಿಷಯ ಹೇಳಿದಳು. ಹೊಸ ಕಾರು ಹದಿನೆಂಟು ಸಾವಿರ ಮೈಲಿ ಓಡುವುದರೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ತೋರಿಸಿಯೂ ಸರಿಹೋಗದಿದ್ದರೆ, ಕಂಪನಿ ಬೇರೆ ಕಾರು ಕೊಡಬೇಕೆಂದು ನಮ್ಮ ರಾಜ್ಯದಲ್ಲಿ ಕಾನೂನಿದೆಯಂತೆ. ನಾನು ತೋರಿಸಿದ್ದು ಅಕ್ಟೋಬರ್ 12, ನವೆಂಬರ್ 16, ನವೆಂಬರ್ 30, ಡಿಸೆಂಬರ್ 14. ನಾಲ್ಕಾಯಿತು.

ಮೀಟರಿನಲ್ಲಿ ಈಗ 15,460. ನಮಗೆ ವಾರಕ್ಕೆ ಆರುನೂರು ಮೈಲಿ ಬೇಕು. ಅಂದರೆ ನಾಲ್ಕು ವಾರ ಉಳಿದಿದೆ. ಓಡಿಸದೆ ನಿಲ್ಲಿಸಿ ಮೈಲಿ ಉಳಿಸಿಕೊಳ್ಳುವ ಹಾಗಿಲ್ಲ. ಅವನನ್ನು ಉಳಿಸಿಕೊಳ್ಳಲು ಓಡಿಸಬೇಕು. ದಯವಿಟ್ಟು ನಮಗೆ ಬೇರೆ ಕಾರು ಕೊಡಿಸಿ. ಹಳೆಯದಾದರೂ ಸರಿ, ದಾರಿಯಲ್ಲಿ ನಿಲ್ಲದಿದ್ದರೆ ಸಾಕು.

ಆಲ್ವಿನಾ ಥೋರ್ಸ್ಟಾಡ್


ಬಿಲ್ಲಿಂಗ್ಸ್
ಜನವರಿ 6, 2023

ಶ್ರೀಮತಿ ಥೋರ್ಸ್ಟಾಡ್ ಅವರಿಗೆ,

ತಮ್ಮ ಪತ್ರ ತಲುಪಿದೆ. ನಮ್ಮ ದಾಖಲೆಗಳ ಪ್ರಕಾರ ತಮ್ಮ ವಾಹನ ಈ ತೊಂದರೆಗಾಗಿ ಬಂದಿರುವುದು ಎರಡು ಬಾರಿ ಮಾತ್ರ. ಅಕ್ಟೋಬರ್ 12: ದೋಷ ಕಂಡುಬಂದಿಲ್ಲ. ನವೆಂಬರ್ 16: ದೋಷ ಕಂಡುಬಂದಿಲ್ಲ, "ಈಗ ಪರವಾಗಿಲ್ಲ" ಎಂದು ಗ್ರಾಹಕರ ಹೇಳಿಕೆ. ತಾವು ಹೇಳುವ ಇನ್ನೆರಡು ದಿನಾಂಕಗಳಂದು ಯಾವುದೇ ಜಾಬ್ ಕಾರ್ಡ್ ತೆರೆದಿಲ್ಲ. ಖಾಸಗಿ ದಿನಚರಿಗಳನ್ನು ನಾವು ದಾಖಲೆಯಾಗಿ ಪರಿಗಣಿಸಲಾಗುವುದಿಲ್ಲ.

ತಮ್ಮ ಯಜಮಾನರ ಆರೋಗ್ಯ ಸುಧಾರಿಸಲೆಂದು ಹಾರೈಸುತ್ತೇವೆ.

ಡಿ. ಕ್ರೆಬ್ಸ್
ಸರ್ವೀಸ್ ಮ್ಯಾನೇಜರ್


ವಿನೆಟ್
ಜನವರಿ 9, 2023

ಪೆಲ್ಕಿ ಅವರೇ,

ನಿಮ್ಮ ಮ್ಯಾನೇಜರ್ ಅವರ ಪತ್ರದ ನಕಲು ಜೊತೆಗಿದೆ. ನೀವು ನೋಡಿರಲಿಕ್ಕಿಲ್ಲ ಅಂದುಕೊಂಡು ಕಳಿಸುತ್ತಿದ್ದೇನೆ.

ನವೆಂಬರ್ 16ಕ್ಕೆ ನೀವು "ಹೇಗಿದೆ ಮೇಡಂ ಎಲ್ಲಾ?" ಎಂದು ಕೇಳಿದಿರಿ. ನಾನು "ಪರವಾಗಿಲ್ಲ" ಎಂದೆ. ನಮ್ಮ ಕಡೆ ಯಾರು ಕೇಳಿದರೂ ನಾವು ಹಾಗೇ ಹೇಳುವುದು. ನಮ್ಮ ಹಳೆಯ ಕೊಟ್ಟಿಗೆ ಸುಟ್ಟ ಮರುದಿನ ಪಾದ್ರಿ ಬಂದು ಹೇಗಿದ್ದೀರಿ ಎಂದಾಗಲೂ ಲೈಲ್ ಪರವಾಗಿಲ್ಲ ಅಂದಿದ್ದ. ಕಾರಿನ ವಿಷಯ ಕೇಳುತ್ತಿದ್ದೀರಿ ಎಂದು ನನಗೆ ಹೊಳೆಯಲಿಲ್ಲ. ನೀವು ಅದನ್ನು ಬರೆದುಕೊಂಡದ್ದೂ ಗೊತ್ತಾಗಲಿಲ್ಲ.

ಮತ್ತೆ, ನವೆಂಬರ್ 30ಕ್ಕೆ, ಡಿಸೆಂಬರ್ 14ಕ್ಕೆ ಕಾಗದ ಬೇಡ ಎಂದವರು ನೀವು. ನಾನು ಕೇಳಬಹುದಿತ್ತು. ಆದರೆ ಮಾತು ಕೊಟ್ಟ ಮನುಷ್ಯನ ಹತ್ತಿರ ಕಾಗದ ಕೇಳಿದರೆ ಅವನನ್ನು ಸುಳ್ಳ ಎಂದ ಹಾಗೆ. ನಾವು ಹೋರಿ ಮಾರುವುದೂ ಕೈ ಕುಲುಕಿಯೇ. ನಾನು ನಿಮಗೆ ಜಾಮ್ ಕಳಿಸಿದೆ.

ಆ ಎರಡು ದಿನ ಕಾರು ಬಂದಿತ್ತು ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಡಿ. ನನಗೆ ಬೇರೇನೂ ಬೇಡ. ಮೀಟರಿನಲ್ಲಿ 16,660.

ಆಲ್ವಿನಾ


ವಿನೆಟ್
ಜನವರಿ 18, 2023

ಪೆಲ್ಕಿ ಅವರೇ,

ಒಂಬತ್ತು ದಿನವಾಯಿತು, ಉತ್ತರವಿಲ್ಲ. ಇವತ್ತು ನಿಮ್ಮಲ್ಲಿಗೆ ಬಂದಿದ್ದೆ. ನೀವು ನನ್ನನ್ನು ನೋಡಿದಿರಿ. ಆಮೇಲೆ ಕಂಪ್ಯೂಟರ್ ನೋಡಿದಿರಿ, ನಾನು ಹೋಗುವವರೆಗೂ ಅದನ್ನೇ ನೋಡುತ್ತಿದ್ದಿರಿ. ಪಕ್ಕದ ಹುಡುಗಿ "ಅಪಾಯಿಂಟ್‌ಮೆಂಟ್ ಇದೆಯಾ ಮೇಡಂ?" ಎಂದಳು. ಕ್ರೆಬ್ಸ್ ಅವರು ಬಂದು, ಇನ್ನೊಂದು ಕಾರ್ಡ್ ತೆರೆಯಬೇಕಾದರೆ ಕಾರು ಮೂರು ದಿನ ಬಿಡಿ ಎಂದರು. ಮೂರು ದಿನ ಬಿಟ್ಟರೆ ಲೈಲ್ ಏನಾಗಬೇಕು ಎಂದೆ. "ಟ್ಯಾಕ್ಸಿ ಇಲ್ವಾ ನಿಮ್ಮ ಕಡೆ?" ಎಂದರು.

ನಮ್ಮ ಊರಿನಲ್ಲಿ ನೂರೆಂಬತ್ತು ಜನ ಇದ್ದೇವೆ. ಅಕ್ಟೋಬರಿನಲ್ಲಿ ಎರಡು ಸಲ ನೆರೆಯವರು ಕರೆತಂದರು. ಈಗ ಹಸುಗಳು ಈಯುವ ಕಾಲ, ಯಾರನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಅದಕ್ಕೇ ಕೇಳುವ ಹಾಗಿಲ್ಲ.

17,460. ಇನ್ನು ಎರಡು ಪ್ರಯಾಣ, ಅಷ್ಟೇ. ಮೂರನೆಯದಕ್ಕೆ ಹದಿನೆಂಟು ಸಾವಿರ ದಾಟುತ್ತದೆ. ನಾನು ಬೇಡುವುದನ್ನು ಕಲಿತವಳಲ್ಲ, ಹೇಗೆ ಬೇಡಬೇಕೋ ತಿಳಿಯದು. ಎರಡು ಸಾಲು ಬರೆಯಿರಿ.

ಆಲ್ವಿನಾ


ಬಿಲ್ಲಿಂಗ್ಸ್, ಮನೆಯಿಂದ
ಜನವರಿ 21, 2023

ಶ್ರೀಮತಿ ಥೋರ್ಸ್ಟಾಡ್ ಅವರೇ,

ಇದನ್ನು ಶೋರೂಮಿನ ಕಾಗದದಲ್ಲಿ ಬರೆಯುತ್ತಿಲ್ಲ. ಕ್ರೆಬ್ಸ್ ಅವರ ಪತ್ರ ನಾನು ನೋಡಿದ್ದೆ. ಅದನ್ನು ಟೈಪ್ ಮಾಡಿದ್ದೇ ನಾನು.

ನಮ್ಮಲ್ಲಿ ಹೇಗೆಂದರೆ, ದೋಷ ಸಿಕ್ಕಿ ರಿಪೇರಿಯಾದರೆ ಮಾತ್ರ ಮೆಕ್ಯಾನಿಕ್‌ನ ಗಂಟೆಗಳನ್ನು ಕಂಪನಿ ಒಪ್ಪುತ್ತದೆ. ಹುಡುಕಿ ಹುಡುಕಿ ಏನೂ ಸಿಗದಿದ್ದರೆ ಅವನು ಅಷ್ಟು ಹೊತ್ತು ಕೆಲಸವೇ ಮಾಡಿಲ್ಲ ಎಂದರ್ಥ, ಸಂಬಳವಿಲ್ಲ. ಒಂದೇ ಗಾಡಿಗೆ "ಕಂಡುಬಂದಿಲ್ಲ" ಕಾರ್ಡುಗಳು ಹೆಚ್ಚಾದರೆ ಅದು ನನ್ನ ಹೆಸರಿಗೂ ಬರುತ್ತದೆ. ಅದಕ್ಕೆ ಟಾಡ್‌ನನ್ನು ಊಟದ ಹೊತ್ತಿನಲ್ಲಿ ಬೇಡಿಕೊಂಡೆ. ನಿಮಗೂ ಕಾಯುವುದು ತಪ್ಪಿತು, ಅವನಿಗೂ ನಷ್ಟವಿಲ್ಲ, ಉಪಕಾರವೇ ಆಯಿತು ಅಂದುಕೊಂಡಿದ್ದೆ. ನಾಲ್ಕು ಕಾರ್ಡಿನ ಕಾನೂನು ನನಗೆ ಗೊತ್ತಿತ್ತು. ಹದಿನೇಳು ವರ್ಷದಿಂದ ಗೊತ್ತು. ಅವತ್ತು ಅದು ನೆನಪಾಗಲಿಲ್ಲ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ನೆನಪಾಗಿತ್ತು. ಅಲ್ಲಿಯವರೆಗೆ ಹೋಗಲಾರದು ಅಂದುಕೊಂಡೆ.

ಸಹಿಯ ವಿಷಯ ಈಗ ಕೇಳಬೇಡಿ. ಬುಧವಾರ 25ಕ್ಕೆ ಬನ್ನಿ. ನಾನೇ ಕಾರ್ಡ್ ತೆರೆಯುತ್ತೇನೆ, ಕ್ರೆಬ್ಸ್ ಇರುವುದಿಲ್ಲ. ಕಾರನ್ನು ನಾನೇ ಚಳಿಯಲ್ಲಿ ನಿಮ್ಮ ರಸ್ತೆಯ ಮೇಲೆ ಒಂದು ಗಂಟೆ ಓಡಿಸುತ್ತೇನೆ. ನಿಂತರೆ ನಿಂತಿತು ಎಂದು ಬರೆಯುತ್ತೇನೆ.

ರೋಲಂಡ್ ಪೆಲ್ಕಿ


ವಿನೆಟ್
ಜನವರಿ 26, 2023

ಪೆಲ್ಕಿ ಅವರೇ,

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಸಿಕ್ಕಿತು. ಬುಧವಾರ ಆಗಲೇ ಅರ್ಧ ಕಳೆದಿತ್ತು. ಬೆಳಿಗ್ಗೆಯೇ ಸಿಕ್ಕಿದ್ದರೂ ನಾವು ಬರುತ್ತಿರಲಿಲ್ಲ.

ಶುಕ್ರವಾರ 20ಕ್ಕೆ, ವಾಪಸ್ ಬರುವಾಗ, ಕಾರು ನಿಂತಿತು. ಗಾಳಿ ವಿಪರೀತ ಇತ್ತು. ದೂರದಲ್ಲಿ ದೀಪ ಕಂಡಂತಾಗಿ ನಾನು ಇಳಿದು ಕೈ ಬೀಸುತ್ತಾ ನಿಂತೆ. ಹತ್ತಿರ ಬಂದ ದೀಪ ಬೇರೆ ರಸ್ತೆಗೆ ತಿರುಗಿತು. ಇನ್ನೊಂದು ಬರಬಹುದೆಂದು ಅಲ್ಲೇ ನಿಂತೆ. ಕಾರು ಮತ್ತೆ ಹೊರಡುವವರೆಗೆ ಎಷ್ಟು ಹೊತ್ತು ನಿಂತೆನೋ ದಿನಚರಿಯಲ್ಲಿ ಬರೆದಿಲ್ಲ, ಚಳಿಗೆ ಮರಗಟ್ಟಿದ ಎರಡು ಬೆರಳಿಗೆ ಕಟ್ಟು ಹಾಕಿದ್ದಾರೆ. ಬಾಗಿಲು ಹಿಮಕ್ಕೆ ಅಂಟಿಕೊಂಡಿತ್ತು, ಲೈಲ್‌ಗೆ ತೆರೆಯಲಾಗಲಿಲ್ಲ. ಅವನು ಒಳಗಿಂದ ಗಾಜು ಬಡಿಯುತ್ತಿದ್ದನಂತೆ. ಗಾಳಿಯಲ್ಲಿ ನನಗೆ ಕೇಳಿಸಲಿಲ್ಲ.

ಭಾನುವಾರ ಊಟವಾದ ಮೇಲೆ ಹೇಳಿದ, "ಆಲ್ವಿ, ನಾಳೆ ಬೇಗ ಏಳ್ಬೇಡ. ನಾವು ಹೋಗ್ತಿಲ್ಲ."

"ಹುಷಾರಿಲ್ವಾ?" ಎಂದೆ.

"ಹುಷಾರಾಗೇ ಇದೀನಿ. ನಾಡಿದ್ದೂ ಹೋಗ್ತಿಲ್ಲ. ಇನ್ನು ಹೋಗೋದಿಲ್ಲ."

ನಾನು ಕೂಗಾಡಿದೆ. ನಲವತ್ತೊಂದು ವರ್ಷದಲ್ಲಿ ಅವನ ಮೇಲೆ ಕೂಗಾಡಿದ್ದು ಇದು ಎರಡನೇ ಸಲ. ಅವನು ಕಾಫಿ ಆರುವವರೆಗೂ ಕಾದು, "ನನ್ನ ಕಿಡ್ನಿ ರಿಪೇರಿ ಆಗಲ್ಲ, ಅವರ ಕಾರೂ ರಿಪೇರಿ ಆಗಲ್ಲ. ಎರಡರ ಮಧ್ಯೆ ನೀನೊಬ್ಬಳು ಚೆನ್ನಾಗಿದೀಯ. ನಿನ್ನ ಹೊರಗೆ ನಿಲ್ಸಿ ಒಳಗೆ ಬೆಚ್ಚಗೆ ಕೂತ್ಕೊಂಡು ನೋಡೋದು ನನ್ ಕೈಲಾಗಲ್ಲ ಮಾರಾಯ್ತಿ" ಎಂದ.

ಡಾಕ್ಟರಿಗೆ ಫೋನ್ ಮಾಡಿದೆ. ಒಂದು ವಾರ, ಹೆಚ್ಚೆಂದರೆ ಎರಡು ಎಂದರು. ಕೊನೆಯ ಡಯಾಲಿಸಿಸ್ ಆಗಿ ಇವತ್ತಿಗೆ ಆರನೇ ದಿನ. ಮನಸ್ಸು ಬದಲಿಸಿದರೆ ಈಗಲೂ ಬರಬಹುದು, ಕುರ್ಚಿ ಇದೆ ಎಂದಿದ್ದಾರೆ. ನಿಲ್ಲದ ಕಾರು ಅಂಗಳಕ್ಕೆ ಬಂದು ನಿಂತರೆ ಅವನು ಹತ್ತುತ್ತಾನೆ. ನನಗೆ ಗೊತ್ತು, ಹತ್ತುತ್ತಾನೆ. ಹಳೆಯದು, ಬಾಡಿಗೆಯದು, ಹಸು ಸಾಗಿಸುವ ಗಾಡಿ, ಯಾವುದಾದರೂ ಆಗಲಿ.

ಮೀಟರಿನಲ್ಲಿ 17,660. ಅದು ಅಲ್ಲೇ ನಿಂತಿದೆ. ಪೆಲ್ಕಿ ಅವರೇ, ನಿಮ್ಮ ಕಾಲಿಗೆ ಬೀಳುತ್ತೇನೆ.

ಆಲ್ವಿನಾ


ಬಿಲ್ಲಿಂಗ್ಸ್
ಜನವರಿ 28, 2023, ತುರ್ತು ಅಂಚೆ

ಶ್ರೀಮತಿ ಥೋರ್ಸ್ಟಾಡ್ ಅವರೇ,

ಈಗಷ್ಟೇ ನಿಮ್ಮ ಪತ್ರ ಓದಿದೆ. ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ.

ಒಂದು ವಿಷಯ ನಿಮಗೆ ಹೇಳಬೇಕು. ಬುಧವಾರ ನೀವು ಬರಲಿಲ್ಲವೆಂದು ಸಂಜೆ ಫೋನ್ ಮಾಡಿದ್ದೆ. ನಿಮ್ಮ ಯಜಮಾನರು ಎತ್ತಿದರು. "ಹೇಗಿದೀರಿ ಸರ್?" ಎಂದೆ. "ಪರವಾಗಿಲ್ಲ. ಇವತ್ತು ಬರೋಕಾಗ್ಲಿಲ್ಲ, ಅಷ್ಟೆ" ಎಂದರು. ಬೇಕಾದರೆ ನಾನೇ ಬಂದು ಕರೆದೊಯ್ಯುತ್ತೇನೆ ಎಂದೆ. "ಇಲ್ಲಪ್ಪ, ಅಷ್ಟು ದೂರ ನೀವ್ಯಾಕೆ ಬರ್ತೀರಿ, ಚೆನ್ನಾಗಿದೀವಿ" ಎಂದರು. ಹವಾಮಾನದ ಮಾತೂ ಆಡಿದೆವು. ನಾನು ಫೋನಿಟ್ಟು ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ. ಪರವಾಗಿಲ್ಲ ಅಂದರೆ ಏನೆಂದು ನೀವು ನನಗೆ ಒಂಬತ್ತನೇ ತಾರೀಖೇ ಬರೆದು ತಿಳಿಸಿದ್ದಿರಿ.

ನೀವು ಕೇಳಿದ ಕಾಗದ ಜೊತೆಗಿದೆ. ನಾಲ್ಕು ದಿನಾಂಕಗಳೂ ಇವೆ. ಕಾರ್ಡ್ ಯಾಕೆ ತೆರೆಯಲಿಲ್ಲ ಎಂಬುದೂ ಇದೆ. ಟಾಡ್ ಕೂಡ ಸಹಿ ಹಾಕಿದ್ದಾನೆ, ನಾನು ಕೇಳದೆಯೇ. ಒಂದು ನಕಲನ್ನು ಕಾರು ತಯಾರಿಸುವ ಕಂಪನಿಗೆ ನಾನೇ ಕಳಿಸಿದ್ದೇನೆ.

ನೀವು ಫೋನ್ ಎತ್ತಿದರೂ ಎತ್ತದಿದ್ದರೂ, ಸೋಮವಾರ ಬೆಳಿಗ್ಗೆ ಐದೂವರೆಗೆ ನನ್ನ ಗಾಡಿ ನಿಮ್ಮ ಗೇಟಿನಲ್ಲಿರುತ್ತದೆ.

ರೋಲಂಡ್


ವಿನೆಟ್
ಫೆಬ್ರುವರಿ 13, 2023

ರೋಲಂಡ್ ಅವರೇ,

ಲೈಲ್ ಶನಿವಾರ 4ಕ್ಕೆ, ಮಧ್ಯಾಹ್ನ ಎರಡು ಗಂಟೆಗೆ ಹೋದ. ನೋವಿರಲಿಲ್ಲ. ನೆಲ ಕಲ್ಲಿನಂತಾಗಿದೆ, ಮಣ್ಣು ಮಾಡುವುದು ಏಪ್ರಿಲ್ ಮೇಲೆಯೇ.

ಫೋನ್ ಎತ್ತದಿದ್ದದ್ದು ಬೇಕೆಂದಲ್ಲ. ಅವನು ಮಲಗಲೆಂದು ವೈರು ಎಳೆದಿಟ್ಟಿದ್ದೆ.

ನೀವು ಬಂದ ಸೋಮವಾರದ ಬಗ್ಗೆ ಒಂದು ಮಾತು. ಅಡುಗೆಮನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಒಂದು ಗಂಟೆ ನಿಂತಿರಿ, ಕೂರಿ ಎಂದರೂ ಕೂರಲಿಲ್ಲ. ಅವನು ಬರುವುದಿಲ್ಲ ಎಂದಾಗ, ನಿಮ್ಮ ಮೇಲಿನ ಸಿಟ್ಟಿನಿಂದ ಹಾಗೆಂದ ಅಂದುಕೊಂಡು ಹೋದಿರಿ. ನಿಮ್ಮ ಬೆನ್ನು ನೋಡಿಯೇ ನನಗೆ ತಿಳಿಯಿತು. ಅದು ಹಾಗಲ್ಲ. ನಿಮ್ಮ ಗಾಡಿಯ ದೀಪ ಗೇಟು ದಾಟುವವರೆಗೂ ಅವನು ಕಿಟಕಿಯಲ್ಲಿ ನೋಡುತ್ತಿದ್ದ. "ಒಳ್ಳೇ ಮನುಷ್ಯ" ಎಂದ.

"ಹಾಗಾದ್ರೆ ಯಾಕೆ ಹೋಗ್ಲಿಲ್ಲ?" ಎಂದು ಕೇಳಿದೆ.

"ಅವನು ಎಷ್ಟು ದಿನ ಬಂದಾನು? ಇವತ್ತೊಂದು ಸೋಮವಾರ. ಬುಧವಾರ ಮತ್ತೆ ನೀನೇ ಓಡಿಸ್ಬೇಕು" ಎಂದ.

ನಿಲ್ಲದ ಕಾರು ಬಂದರೆ ಹತ್ತುತ್ತಾನೆ ಎಂದು ನಾನು ನಿಮಗೆ ಬರೆದಿದ್ದೆ. ಅವನ ವಿಷಯ ನನಗೆ ಗೊತ್ತು ಅಂದುಕೊಂಡಿದ್ದೆ.

ನಿಮ್ಮ ಕಾಗದವನ್ನು ಬುಧವಾರ ಅವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ. ನೀವು ಗಂಡಸರೆಲ್ಲ ಸೇರಿ ನನಗೆ ಏನೂ ತಿಳಿಯದ ಹಾಗೆ ಒಬ್ಬರಿಗೊಬ್ಬರು ಫೋನಿನಲ್ಲಿ ಚೆನ್ನಾಗಿದ್ದೀವಿ ಎಂದು ಹೇಳಿಕೊಂಡದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ. ಅದು ಯಾವಾಗ ಹೋಗುತ್ತದೋ ಹೇಳಲಾರೆ.

ಆಲ್ವಿನಾ


ಲಾರೆಲ್
ಮಾರ್ಚ್ 20, 2023

ಆಲ್ವಿನಾ ಅವರೇ,

ನಾನೀಗ ಟಾಲ್ಮನ್‌ನಲ್ಲಿಲ್ಲ. ಇಲ್ಲಿ ಟಯರ್ ಅಂಗಡಿಯಲ್ಲಿದ್ದೇನೆ. ಅದರ ಬಗ್ಗೆ ನೀವು ಯೋಚಿಸಬೇಡಿ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುತ್ತೇನೆ, ಟಯರ್ ತೂತಾಗಿದ್ದರೆ ತೂತು ಕಾಣುತ್ತದೆ.

ಟಾಡ್ ಒಂದು ಸುದ್ದಿ ಕೊಟ್ಟ. ನಾನು ಕಳಿಸಿದ ನಕಲು ನೋಡಿ ನಿಮ್ಮ ಬೇಡಿಕೆಯನ್ನು ಕಂಪನಿ ಒಪ್ಪಿದೆಯಂತೆ. ಹದಿನೆಂಟು ಸಾವಿರದೊಳಗೆ ನಾಲ್ಕು ಭೇಟಿ ಆಗಿದ್ದನ್ನು ಅಲ್ಲಗಳೆಯಲು ಅವರಿಗೆ ಆಗಲಿಲ್ಲ. ಹೊಸ ಕಾರು ಕೊಡುತ್ತಾರೆ. ಫಾರಂ ನಿಮಗೆ ಬರುತ್ತದೆ. ಸಹಿ ಹಾಕಿ, ಆಲ್ವಿನಾ ಅವರೇ. ನಿಮಗೆ ಪೇಟೆಗೆ ಹೋಗಿಬರಲು ಒಂದು ಗಾಡಿ ಬೇಕು. ಇಷ್ಟಾದರೂ ಆಯಿತೆಂದು ನನಗೂ ಅನ್ನಿಸಲಿ.

ರೋಲಂಡ್


ವಿನೆಟ್
ಏಪ್ರಿಲ್ 3, 2023

ರೋಲಂಡ್ ಅವರೇ,

ಫಾರಂ ಬಂದಿದೆ. ಎಂಟು ಪುಟ. ಹೊಸ ಕಾರು ಇದೇ ಬಣ್ಣದ್ದಂತೆ. ಅದಕ್ಕೆ ಬದಲಾಗಿ ಇದನ್ನು ಒಪ್ಪಿಸಬೇಕು. ಆರನೇ ಪುಟದಲ್ಲಿ, ವಾಹನದಲ್ಲಿ ಯಾವುದೇ ದೋಷವಿತ್ತೆಂದು ಕಂಪನಿ ಒಪ್ಪುವುದಿಲ್ಲ, ಮಾಲೀಕರು ಮುಂದೆ ಎಲ್ಲಿಯೂ ಹಾಗೆ ಹೇಳತಕ್ಕದ್ದಲ್ಲ ಎಂದಿದೆ.

ಅಲ್ಲಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಈ ಸಲ ಮನುಷ್ಯರು ಬೇಗ ಸಿಕ್ಕರು. ಚಿಕ್ಕ ವಯಸ್ಸಿನ ದನಿ. "ನಮ್ಮ ಹಳೇ ಕಾರು ಏನಾಗುತ್ತಪ್ಪ?" ಎಂದೆ.

"ಅದು ಹರಾಜಿಗೆ ಹೋಗುತ್ತೆ ಮೇಡಂ."

"ಯಾರು ತಗೋತಾರೆ?"

"ಯಾರಾದ್ರೂ ತಗೋತಾರೆ. ಮೈಲಿ ಕಡಿಮೆ ಓಡಿದೆಯಲ್ಲ, ಬೇಗ ಹೋಗುತ್ತೆ."

"ಅದು ನಿಲ್ಲುತ್ತೆ ಅಂತ ಅವರಿಗೆ ಹೇಳ್ತೀರಾ?"

ಆ ಹುಡುಗ ಏನನ್ನೋ ಹುಡುಕಿದ. ಕೀಲಿಮಣೆ ಸದ್ದು ಕೇಳಿಸಿತು. "ಮೇಡಂ, ನಮ್ಮ ದಾಖಲೇಲಿ ದೋಷ ಅಂತ ಏನೂ ಇಲ್ಲ" ಎಂದ. ಅವನ ತಪ್ಪಲ್ಲ. ಅವನ ಮುಂದೆ ಇದ್ದದ್ದನ್ನು ಓದಿದ.

ಎರಡು ದಿನ ಯೋಚಿಸಿದೆ. ನೆರೆಯವರು, ಪಾದ್ರಿ, ಎಲ್ಲರೂ ಸಹಿ ಹಾಕು ಎಂದರು. ನೀವೂ ಹಾಗೇ ಬರೆದಿದ್ದೀರಿ, ನಿಮ್ಮ ಮಾತನ್ನು ತಳ್ಳಿಹಾಕಲು ನನಗೆ ಕಷ್ಟವಾಗುತ್ತಿದೆ. ನಿಮ್ಮ ಕೆಲಸ ಹೋದದ್ದು ಈ ಕಾರಿಗಾಗಿಯೇ. ಆದರೆ ಇದು ಮೊಂಟಾನಾದಿಂದ ಹೊರಗೆ ಎಲ್ಲೋ ಹೋಗಿ, ತೊಳೆಸಿಕೊಂಡು, ಬೇಸಿಗೆಯಲ್ಲಿ ಚೆನ್ನಾಗಿ ಓಡಿ, ಯಾರೋ ಒಬ್ಬ ಹೆಂಗಸು ಒಳ್ಳೆಯ ಗಾಡಿ ಸಿಕ್ಕಿತೆಂದು ಅದರಲ್ಲಿ ಯಾರನ್ನೋ ಕೂರಿಸಿಕೊಂಡು ಡಿಸೆಂಬರಿನಲ್ಲಿ ಹೊರಟಾಳು. ಅವಳಿಗೆ ನಾನು ಪರವಾಗಿಲ್ಲ ಎಂದು ಬರೆದು ಕೊಟ್ಟ ಹಾಗಾಗುತ್ತದೆ. ನಿನ್ನೆ ನೆರೆಯವರ ಟ್ರ್ಯಾಕ್ಟರಿನಿಂದ ಎಳೆಸಿ ಕೊಟ್ಟಿಗೆ ಹಿಂದೆ ಇಡಿಸಿದೆ. ಚಕ್ರ ನಾಲ್ಕನ್ನೂ ತೆಗೆಸಿದ್ದೇನೆ. ಶಾಲೆಗೆ ಹಾಲಿನ ಗಾಡಿಯವನು ಕರೆದೊಯ್ಯುತ್ತಾನೆ.

ಕಾರು ಇಬ್ಬರ ಹೆಸರಿನಲ್ಲಿತ್ತು. ಕೊನೆಯ ಪುಟದಲ್ಲಿ "ಇಬ್ಬರು ಮಾಲೀಕರೂ ಸಹಿ ಮಾಡತಕ್ಕದ್ದು" ಎಂದು ಅಚ್ಚು ಹಾಕಿ ಎರಡು ಗೆರೆ ಎಳೆದಿದ್ದಾರೆ. ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಲೈಲ್ ಹೆಸರಿನ ಗೆರೆಯ ಮೇಲೆ "ಫೆಬ್ರುವರಿ 4ರಂದು ತೀರಿಕೊಂಡರು" ಎಂದು ಬರೆದೆ. ನನ್ನ ಗೆರೆಯ ಮೇಲೆ ಏನೂ ಬರೆದಿಲ್ಲ. ನಾಳೆ ಅಂಚೆಗೆ ಹಾಕುತ್ತೇನೆ.

ಆಲ್ವಿನಾ